ಯಾರ ಸ್ಪ್ಯಾನಿಶ್?

ಇಂಗ್ಲಿಷಿನ ‘ಸ್ಟ್ರಾ’ವನ್ನು ಸ್ಪ್ಯಾನಿಶ್‌ಗೆ ತರುವಷ್ಟು ಸೊಗಸಾದ ಕಸರತ್ತು ಅನುವಾದದಲ್ಲಿ ಅಪರೂಪ. ಸ್ಪೇನಿನಲ್ಲಿ ಅದು ಪಹೀತಾ, ಮೆಕ್ಸಿಕೋದಲ್ಲಿ ಪೊಪೋತೆ, ಕೊಲಂಬಿಯಾದಲ್ಲಿ ಪಿತೀಯೊ, ಪೋರ್ಟೊರಿಕೊದಲ್ಲಿ ಸೊರ್ಬೇತೊ, ಚಿಲಿಯಲ್ಲಿ ಬೊಂಬೀಯಾ. ಬೊಂಬೀಯಾ ಎಂದರೆ ಸ್ಪೇನಿನವರಿಗೆ ವಿದ್ಯುತ್ ಬಲ್ಬು. ಅರ್ಜೆಂಟೀನಾದವರಿಗೆ ಮಾತೆ ಪಾನೀಯ ಹೀರುವ ಲೋಹದ ಕೊಳವೆ. ಪೊಪೋತೆಯಂತೂ ಸ್ಪೇನಿನಿಂದ ಹಡಗು ಹತ್ತಿ ಬಂದದ್ದೇ ಅಲ್ಲ. ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ನುಡಿಯದು, ಪೊರಕೆ ಕಟ್ಟುವ ಹುಲ್ಲುಕಡ್ಡಿಯ ಹೆಸರು. 1713ರಲ್ಲಿ ಹುಟ್ಟಿದ ಸ್ಪೇನಿನ ರಾಯಲ್ ಅಕಾಡೆಮಿ ತನ್ನ ನಿಘಂಟಿನಲ್ಲಿ ಇಂಥ ಪದಗಳನ್ನು ಆಯಾ ದೇಶದ ಗುರುತಿನೊಡನೆ ದಾಖಲಿಸುತ್ತದೆ, ಆರಿಸಿಕೊಡುವುದಿಲ್ಲ. ಆರಿಸಬೇಕಾದದ್ದು ಓದುವವರ ಮುಖ ನೋಡಿ.

‘ತಟಸ್ಥ ಸ್ಪ್ಯಾನಿಶ್’ ಬೇಕೆನ್ನುವವರು ಇದನ್ನು ಒಪ್ಪುವುದಿಲ್ಲ. ದೇಶಕ್ಕೊಂದು ಅನುವಾದ ಮಾಡಿಸಲು ದುಡ್ಡೆಲ್ಲಿದೆ, ಎಲ್ಲರಿಗೂ ಸಲ್ಲುವ ಒಂದೇ ಪದ ಸಾಕು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಬಸ್ಸು ಹಿಡಿಯುವುದಕ್ಕೆ ಸ್ಪೇನಿನವರು ಹೇಳುವ ‘ಕೊಹೇರ್’ ಮೆಕ್ಸಿಕೋ, ಅರ್ಜೆಂಟೀನಾಗಳಲ್ಲಿ ಅಶ್ಲೀಲ. ‘ತೊಮಾರ್’ ಎಂದರೆ ಎಲ್ಲೆಡೆಯೂ ನಡೆಯುತ್ತದೆ. ಅಂಥ ಪದವಿದ್ದಾಗ ಬಳಸುವುದೇ ವಿವೇಕ. ಇಲ್ಲದಿರುವಾಗಲೂ ತಮಗೆ ಒಗ್ಗಿದ ಪದವನ್ನೇ ತಟಸ್ಥವೆಂದು ಸಾರುವುದು ಮಾತ್ರ ಸೋಮಾರಿತನ.

ಅಮೆರಿಕದ ದಂತವೈದ್ಯರು ಹಲ್ಲು ಕಿತ್ತ ಮೇಲೆ ಸ್ಟ್ರಾ ಬಳಸಬೇಡಿ ಎನ್ನುತ್ತಾರೆ. ಜೋರಾಗಿ ಹೀರಿದರೆ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ವಿಪರೀತ ನೋವಾಗಬಹುದು. ಆ ಸೂಚನೆಯ ಸ್ಪ್ಯಾನಿಶ್ ಪ್ರತಿ ಮೆಕ್ಸಿಕೋದವರ ಕೈಗೂ ಹೋಗುತ್ತದೆ, ಪೋರ್ಟೊರಿಕೊದವರ ಕೈಗೂ ಹೋಗುತ್ತದೆ. ಅಲ್ಲಿ ಪಹೀತಾ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರ ಮೇಲೆ ಸಿಟ್ಟು ಬರದೆ ಇರುತ್ತದೆಯೇ? ನಾಮಪದ ಊರೂರಿಗೆ ಬದಲಾದರೆ ಕ್ರಿಯಾಪದವನ್ನು ಹಿಡಿಯಬೇಕು: ಯಾವುದೇ ಕೊಳವೆಯಿಂದ ಹೀರಬೇಡಿ ಎಂದು ಮೊದಲು ಹೇಳಿ, ಪಕ್ಕದಲ್ಲಿ ಪೊಪೋತೆ, ಸೊರ್ಬೇತೊ, ಪಿತೀಯೊಗಳನ್ನು ಸೇರಿಸಬೇಕು. ವಾಕ್ಯ ಉದ್ದವಾಯಿತು, ಅಂದ ಕೆಟ್ಟಿತು ಎಂಬ ಆಕ್ಷೇಪ ಬರುತ್ತದೆ. ಕಾದಂಬರಿಯಲ್ಲಾದರೆ ಆ ಮಾತು ಸರಿ; ಅಲ್ಲಿ ಪಾತ್ರದ ಊರಿನ ಒಂದೇ ಪದ ಸಾಕು. ಔಷಧ, ಕಾನೂನು, ಯಂತ್ರಗಳ ವಿಷಯದಲ್ಲಿ ಅಂದವೆಂದರೆ ಓದಿದವರಿಗೆ ತಪ್ಪದೆ ತಿಳಿಯುವುದು. ಆದ್ದರಿಂದ ಅನುವಾದಕರು ಕೆಲಸ ಒಪ್ಪಿಕೊಳ್ಳುವ ಮೊದಲೇ ಇದನ್ನು ಓದುವವರು ಯಾರು ಎಂದು ಕೇಳಬೇಕು. ಉತ್ತರ ಸಿಗುವವರೆಗೆ ಪದ ಆರಿಸಬಾರದು.