ಹುಲಿಗಿಯ ಒಗ್ಗರಣೆಯಂಗಡಿ

ಕೊಪ್ಪಳ ಸೀಮೆಯ ಹುಲಿಗಿಯು ತುಂಗಭದ್ರೆಯ ದಡದ ಮೇಲಿರುವ ಪ್ರಸಿದ್ಧ ಕ್ಷೇತ್ರವು. ಮುನಿರಾಬಾದಿನ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಇದು ಸಮೀಪವೇ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಂದು ಹುಲಿಗೆಮ್ಮ ದೇವಿಯ ದರ್ಶನಾರ್ಥವಾಗಿ ಬರುವ ಜನರು ಬಹಳ. ದೇವಿಯ ಮಹಿಮೆಯನ್ನು ಬಲ್ಲವರು ಹೇಳಲಿ. ನಾವು ಇಲ್ಲಿ ಬರೆಯಹೊರಟಿರುವುದು, ದರ್ಶನವಾದ ಬಳಿಕ ಹಸಿದ ಯಾತ್ರಿಕರು ಸೇರುವ ಒಂದು ಚಿಕ್ಕ ತಿಂಡಿಯಂಗಡಿಯ ವಿಷಯವನ್ನು.

ಅಂಗಡಿಗೆ ಹೆಸರಿನ ಹಲಗೆಯಿಲ್ಲ. ತಗಡಿನ ಮಾಡು, ಎರಡು ಬೆಂಚು, ಒಲೆಯ ಮೇಲೊಂದು ದೊಡ್ಡ ಬಾಣಲೆ. ಇಷ್ಟೇ ಅದರ ವೈಭವ. ದೊರೆಯುವ ತಿಂಡಿಗಳೂ ಎರಡೇ: ಒಗ್ಗರಣೆ ಮತ್ತು ಮಿರ್ಚಿ. ಮೈಸೂರು ಕಡೆಯ ವಾಚಕರು ಒಗ್ಗರಣೆಯೆಂದರೆ ಸಾಸಿವೆ ಸಿಡಿಸುವುದೆಂದಷ್ಟೇ ತಿಳಿಯಬಹುದು. ಈ ಸೀಮೆಯಲ್ಲಿ ಅದು ತಿಂಡಿಯ ಹೆಸರೇ ಆಗಿದೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ, ಅರಿಸಿನ, ಸಾಸಿವೆಗಳ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಹಿಟ್ಟನ್ನು ಉದುರಿಸುವರು. ಮಿರ್ಚಿಗೆ ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ, ಜೀರಿಗೆ ಉಪ್ಪುಗಳನ್ನು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವರು. ಒಂದರ ಸಪ್ಪೆಯನ್ನು ಇನ್ನೊಂದರ ಖಾರವು ತುಂಬಿಕೊಡುತ್ತದೆ. ಇಷ್ಟು ನಮ್ಮದಾಗಿರುವ ಈ ಮೆಣಸಿನಕಾಯಿಯು ಅಮೇರಿಕಾ ಖಂಡದ್ದು. ಪೋರ್ತುಗೀಜರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದುದು. ಪರಸ್ಥಳದಿಂದ ಬಂದ ಕಾಯಿಗೆ ನಮ್ಮ ಅಡಿಗೆಮನೆಗಳಲ್ಲಿ ಯಾರೂ ಕುಲವನ್ನು ಕೇಳಲಿಲ್ಲ.

ಅಂಗಡಿಯನ್ನು ನಡೆಯಿಸುವ ತಾಯಿಯೂ ಗಿರಾಕಿಯ ಕುಲವನ್ನು ಕೇಳುವವಳಲ್ಲ. "ಬರ್ರೀ ಯಣ್ಣಾ, ಕುಂದರ್ರಿ, ಬಿಸೀದು ಐತಿ" ಎಂಬುದೊಂದೇ ಆಕೆಯ ಸ್ವಾಗತ. ನಾವು ಹೋದ ದಿನ ಆ ಬೆಂಚಿನ ಮೇಲೆ ಕೊರಳಿಗೆ ಮುತ್ತು ಕಟ್ಟಿದ ವೃದ್ಧ ಜೋಗತಿ, ಕುಷ್ಟಗಿಯ ಕಡೆಯ ರೈತ ದಂಪತಿಗಳು, ಇಬ್ಬರು ಕಾಲೇಜು ಹುಡುಗರು, ಹಾಗೂ ನಾವು ಒತ್ತೊತ್ತಾಗಿ ಕುಳಿತಿದ್ದೆವು. ಎಲ್ಲರಿಗೂ ಒಂದೇ ಬಗೆಯ ತಟ್ಟೆ, ಒಂದೇ ಬಗೆಯ ಲೋಟ.

ಇದರಲ್ಲಿ ಹೇಳತಕ್ಕ ವಿಶೇಷವೇನೆಂದು ವಾಚಕರು ಕೇಳಬಹುದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯು, ಅಂಗಡಿ ಹೋಟೆಲುಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ಸ್ಪಷ್ಟವಾಗಿ ಹೇಳಿದೆ. ಆದರೂ ಇದೇ ಜಿಲ್ಲೆಯ ಮರಕುಂಬಿಯಲ್ಲಿ, ಕ್ಷೌರದಂಗಡಿ ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದುದರಿಂದ ವೈಷಮ್ಯ ಬೆಳೆದು, 2014ರ ಆಗಸ್ಟಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಒಂದು ಲೋಟ ಚಹಾದ ಹಕ್ಕಿಗಾಗಿ ಊರೊಂದು ಇಷ್ಟು ಬೆಲೆ ತೆರಬೇಕಾದ ಸೀಮೆಯಲ್ಲಿ, ಈ ಮುರುಕು ಬೆಂಚು ಸಾಮಾನ್ಯವಾದುದಲ್ಲ.

ಹುಲಿಗಿಗೆ ಹೋಗುವ ಗೃಹಸ್ಥರು ದರ್ಶನವಾದೊಡನೆ ತಿಂಡಿಯನ್ನು ಕಟ್ಟಿಸಿಕೊಂಡು ಬಂಡಿ ಏರದೆ, ಮಕ್ಕಳನ್ನೂ ಕರೆದುಕೊಂಡು ಇಂತಹ ಬೆಂಚಿನ ಮೇಲೆ ಒಂದು ಗಳಿಗೆ ಕೂಡಲಿ. ಕುಳಿತವರು ಸ್ವಲ್ಪ ಸರಿದು ಎಡೆಮಾಡಿಕೊಡುವರು. ಮಿರ್ಚಿಯನ್ನು ಮಾತ್ರ ಬಿಸಿಯಿರುವಾಗಲೇ ತಿನ್ನಬೇಕು.