ಮರಳಿನಡಿಯ ರಾಜಧಾನಿ

ಕಳೆದ ವಾರ ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಮಾರ್ಗವಾಗಿ ಮತ್ತೊಮ್ಮೆ ತಲಕಾಡಿಗೆ ಹೋಗಿ ಬಂದೆ. ಸೇವೆಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಎಷ್ಟು ಬಾರಿ ಹೋಗಿದ್ದೆನೋ ಲೆಕ್ಕವಿಲ್ಲ. ಈ ಸಲ ಮಾತ್ರ ಹಳೆಯ ಪ್ರಶ್ನೆಯೊಂದು ಮನಸ್ಸಿನಲ್ಲಿತ್ತು.

1986ರ ಪ್ರವಾಸ. ಮರಳ ದಿಬ್ಬದ ಮೇಲೆ ನಿಂತು ಅಲಮೇಲಮ್ಮನ ಕಥೆ ಹೇಳುತ್ತಿದ್ದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಆಭರಣಗಳಿಗಾಗಿ ಬೆನ್ನಟ್ಟಿ ಬಂದವರನ್ನು ಕಂಡು, ತಲಕಾಡು ಮರಳಾಗಲೆಂದು ಶಪಿಸಿ ಆಕೆ ಮಾಲಂಗಿಯಲ್ಲಿ ಕಾವೇರಿಗೆ ಹಾರಿದಳೆಂಬ ಐತಿಹ್ಯ. ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಸಾರ್, ಶಾಪಕ್ಕೆ ಮುಂಚೆ ಇಲ್ಲಿ ಮರಳೇ ಇರಲಿಲ್ಲವಾ?” ಎಂದಳು. “ಅಧಿಕಪ್ರಸಂಗ ಬೇಡ, ಕೂತ್ಕೋ” ಎಂದು ಗದರಿದೆ. ಉತ್ತರ ನನಗೆ ತಿಳಿದಿರಲಿಲ್ಲ ಎಂಬುದೇ ನಿಜವಾದ ಕಾರಣ.

ರಾಜಧಾನಿಯೆಂದು ಕೋಟೆ, ಅರಮನೆಗಳನ್ನು ಅರಸಿ ಬಂದವರನ್ನು ಇಲ್ಲಿ ಎದುರುಗೊಳ್ಳುವುದು ಮರಳು. ಗಂಗರು ಆಳಿದ ಈ ಊರು 1004ರ ಸುಮಾರಿಗೆ ಚೋಳರ ಪಾಲಾಗಿ ರಾಜರಾಜಪುರವೆನಿಸಿತು. 1116ರ ಹೊತ್ತಿಗೆ ಅದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ನೆನಿಸಿಕೊಂಡು ಕೀರ್ತಿನಾರಾಯಣ ದೇಗುಲವನ್ನು ಕಟ್ಟಿಸಿದ. ಬಳಿಕ ವಿಜಯನಗರ, ಆಮೇಲೆ ಮೈಸೂರು. ಪಾತಾಳೇಶ್ವರನ ಸನ್ನಿಧಿಗೆ ಮೆಟ್ಟಿಲಿಳಿದು ಹೋಗುವಾಗ ಶತಮಾನಗಳನ್ನೇ ಇಳಿದಂತೆ ಭಾಸವಾಗುತ್ತದೆ.

ನಿವೃತ್ತಿಯ ನಂತರ ಓದಿ ತಿಳಿದದ್ದಿಷ್ಟು. ಕಾವೇರಿ ಇಲ್ಲಿ ದೊಡ್ಡದಾಗಿ ತಿರುವು ಪಡೆಯುತ್ತಾಳೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟಿಸಿದನೆನ್ನಲಾದ ಅಣೆಕಟ್ಟೆಯಿಂದ ನೀರಿನ ಹರಿವು ತಗ್ಗಿ, ಬಯಲಾದ ಪಾತ್ರದ ಮರಳನ್ನು ಗಾಳಿ ಊರಿನತ್ತ ಹೊತ್ತು ತಂದಿತೆಂಬುದು ತಜ್ಞರು ನೀಡುವ ಒಂದು ವಿವರಣೆ. ಇದು ನಿಜವಾದರೆ, ಶಾಪಕ್ಕಿಂತ ಬಹಳ ಮುಂಚೆಯೇ ಮರಳು ಏರತೊಡಗಿರಬೇಕು.

ಹಾಗೆಂದು ಅಲಮೇಲಮ್ಮನ ಕಥೆಯನ್ನು ನಾನು ಕೈಬಿಡಲಾರೆ. ಬಿರುದುಗಳೆಲ್ಲ ಗೆದ್ದವರವು, ಸೋತವರ ಮನೆಯ ಹೆಣ್ಣೊಬ್ಬಳ ಸಂಕಟವನ್ನು ನಾಲ್ಕು ಶತಮಾನ ಕಾಪಾಡಿಕೊಂಡು ಬಂದದ್ದು ಜನರ ನಾಲಗೆ. ಎರಡನ್ನೂ ಮಕ್ಕಳಿಗೆ ಹೇಳಬೇಕಿತ್ತು. ನಾನು ಒಂದನ್ನು ಹೇಳಿ, ಇನ್ನೊಂದನ್ನು ಕೇಳಿದವಳ ಬಾಯಿ ಮುಚ್ಚಿಸಿದೆ.

ಆ ಹುಡುಗಿಗೆ ಈಗ ಐವತ್ತು ದಾಟಿರಬೇಕು. ಅಂದಿನ ಪ್ರವಾಸದಲ್ಲಿ ಅವಳು ಮತ್ತೆ ಏನನ್ನೂ ಕೇಳಲಿಲ್ಲ. ಎಲ್ಲಿದ್ದಾಳೋ ತಿಳಿಯದು. ಈ ಬರಹವನ್ನು ಓದುವಂತಾದರೆ ಇಷ್ಟು ಹೇಳಬೇಕು: ನಿನ್ನ ಪ್ರಶ್ನೆ ಸರಿಯಾಗಿತ್ತು, ಮಗು. ತಪ್ಪು ಮೇಷ್ಟ್ರದು.