ಅಟ್ಟದಿಂದ ಇಳಿದು ಬಂದ ಪೇಪರ್

"ನಿನ್ನೆ ಸಂಜೆಯಷ್ಟೇ ಒರೆಸಿದ್ದೆ. ಕಿಟಕಿಯನ್ನೇ ತೆಗೆಯದ ಮನೇಲಿ ಇಷ್ಟು ಧೂಳು ಎಲ್ಲಿಂದ ಬರುತ್ತೆ ಮಾರಾಯ್ತಿ?"

ಅಮ್ಮ ಸಾಗರದಿಂದ ಟೆಕ್ಸಾಸ್‌ಗೆ ಬಂದು ಹತ್ತು ದಿನವಾಗಿತ್ತಷ್ಟೆ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಒದ್ದೆ ಬಟ್ಟೆ ಹಿಡಿದು ಟೀಪಾಯಿ ಒರೆಸುತ್ತಿದ್ದಳು. ನಾನು ಉತ್ತರ ಕೊಡಲಿಲ್ಲ. ಡಲ್ಲಾಸ್ ಹತ್ತಿರದ ಈ ಬಾಡಿಗೆ ಮನೆಗೆ ಬಂದು ಮೂರು ವರ್ಷ. ಶನಿವಾರ ವ್ಯಾಕ್ಯೂಮ್ ಹಾಕುವುದು, ಸೋಮವಾರ ಟಿವಿ ಮೇಲೆ ಬೂದು ಪದರ ಕಾಣುವುದು, ಎರಡೂ ನನಗೆ ಅಭ್ಯಾಸವಾಗಿದ್ದವು. ಹಳೇ ಮನೆ, ಕಾರ್ಪೆಟ್ಟು, ಧೂಳು ಇದ್ದದ್ದೇ ಅಂದುಕೊಂಡಿದ್ದೆ.

ಎರಡನೇ ವಾರ ಅಮ್ಮನಿಗೆ ಕೆಮ್ಮು ಶುರುವಾಯಿತು. ರಾತ್ರಿ ಹೆಚ್ಚು. ಡಾಕ್ಟರು ನೋಡಿ, ಅಲರ್ಜಿ ಇರಬಹುದು, ಧೂಳು ಮತ್ತು ಹೊಗೆಯಿಂದ ದೂರ ಇರಲಿ ಎಂದರು. ನಾನು, ನನ್ನವರು ಇಬ್ಬರೂ "ಹೊಗೆ" ಅನ್ನುವುದನ್ನು ಮಾತ್ರ ಹಿಡಿದುಕೊಂಡೆವು. "ಅಮ್ಮ, ಇನ್ನು ಅಗರಬತ್ತಿ ಹಚ್ಚಬೇಡ. ಮೆಣಸಿನಕಾಯಿ ಒಗ್ಗರಣೆನೂ ಬೇಡ. ಇಲ್ಲಿ ಮನೆಯೊಳಗಿನ ಗಾಳಿ ಹೊರಗೆ ಹೋಗಲ್ಲ" ಎಂದೆ. ಅಮ್ಮ ಹೂಂ ಎಂದಳು. ಅಂದಿನಿಂದ ಸಂಜೆ ಬರೀ ದೀಪಕ್ಕೆ ಕೈ ಮುಗಿದಳು, ಒಗ್ಗರಣೆಯಿಲ್ಲದ ಸಾರು ಮಾಡಿದಳು. ಒಂದು ರಾತ್ರಿ ಅಪ್ಪನ ಹತ್ತಿರ ಫೋನಿನಲ್ಲಿ ಮೆಲ್ಲಗೆ ಕೇಳುತ್ತಿದ್ದದ್ದು ನನಗೆ ಕೇಳಿಸಿತು: "ಟಿಕೆಟ್ ಸ್ವಲ್ಪ ಮುಂಚೆ ಮಾಡ್ಸೋಕೆ ಆಗುತ್ತಾ? ನನ್ನಿಂದ ಇವರಿಗೆ ತೊಂದರೆ."

ಅಗರಬತ್ತಿ ನಿಂತು ಎರಡು ವಾರವಾದರೂ ಧೂಳು ನಿಲ್ಲಲಿಲ್ಲ. ಕೆಮ್ಮೂ ನಿಲ್ಲಲಿಲ್ಲ.

ನಮ್ಮ ಕ್ಲಾಸಿನಲ್ಲಿ ವರದಿ ಬರೆದು ಕೊಟ್ಟಾಗಲೆಲ್ಲ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು ನಿಮಗೂ ನೆನಪಿರಬೇಕು: "ಇದನ್ನ ನಿನಗೆ ಹೇಳಿದ್ದು ಯಾರು? ನೀನು ಹೋಗಿ ನೋಡಿದ್ಯಾ?" ಅಮ್ಮನ ವಿಷಯದಲ್ಲಿ ನಾನು ಹೋಗಿ ನೋಡದೆಯೇ ವರದಿ ಬರೆದು ಮುಗಿಸಿದ್ದೆ.

ಹೋಗಿ ನೋಡಿದವಳು ಅಮ್ಮನೇ. "ಎಸಿ ಗಾಳಿ ಬರೋ ಜಾಲರಿ ಕೆಳಗೇ ಧೂಳು ಜಾಸ್ತಿ ಕೂರುತ್ತೆ, ನೋಡಿದ್ಯಾ?" ಎಂದಳು. ಊರಿನಲ್ಲಿ ನಲ್ಲಿಗೆ ಬಟ್ಟೆ ಕಟ್ಟುವ ಹಾಗೆ, ಅಪ್ಪನ ಹಳೇ ಪಂಚೆಯ ತುಂಡೊಂದನ್ನು ತನ್ನ ಕೋಣೆಯ ಜಾಲರಿಗೆ ನನ್ನಿಂದಲೇ ಕಟ್ಟಿಸಿದಳು. ಮಾರನೇ ದಿನ ಬಿಚ್ಚಿದರೆ ಬಟ್ಟೆಯ ತುಂಬಾ ಅರಳೆಯಂಥ ಬೂದು ನಾರು. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಎಳ್ಳುಕಾಳಿನಷ್ಟು ದೊಡ್ಡ ಒಂದು ಚೂರಿನ ಮೇಲೆ ಕಪ್ಪು ಮಸಿ ಇತ್ತು. ಇಂಗ್ಲಿಷಿನ ಒಂದು ಅಕ್ಷರದ ಅರ್ಧ ಭಾಗ. ಅಚ್ಚಾದದ್ದು.

ಅದು ನ್ಯೂಸ್ ಪೇಪರ್ ಚೂರು! ನಮ್ಮ ಮನೆಗೆ ಪೇಪರೇ ಬರುವುದಿಲ್ಲ.

ಇಲ್ಲಿನ ಮನೆಗಳಿಗೂ ಅಟ್ಟ ಇದೆ. ಅಡಿಕೆ, ಹಳೇ ಪಾತ್ರೆ ಇಡುವ ನಮ್ಮ ಅಟ್ಟದಂಥದ್ದಲ್ಲ. ಛಾವಣಿಯ ಬಿಸಿ ಕೆಳಗಿಳಿಯದಂತೆ ಅಲ್ಲಿ ಗಾಜಿನ ನಾರನ್ನೋ, ಸೆಲ್ಯುಲೋಸನ್ನೋ ದಪ್ಪಗೆ ಹರಡಿರುತ್ತಾರೆ. ಸೆಲ್ಯುಲೋಸ್ ಅಂದರೆ ಬಹುಪಾಲು ರದ್ದಿ ಪೇಪರ್. ಅದನ್ನು ನುಣ್ಣಗೆ ಚೂರು ಮಾಡಿ, ಬೆಂಕಿ ಹಿಡಿಯದಂತೆ ಬೋರೇಟ್ ಎಂಬ ಲವಣ ಬೆರೆಸಿ, ಪೈಪಿನಲ್ಲಿ ಊದಿ ಅಟ್ಟಕ್ಕೆ ತುಂಬುತ್ತಾರೆ. ಅದು ಅಲ್ಲೇ ಇದ್ದರೆ ಒಳ್ಳೆಯದೇ. ನಮ್ಮ ಮನೆಯಲ್ಲಿ ಅದು ಕೆಳಗಿಳಿದಿತ್ತು.

ಹೇಗೆ ಇಳಿಯಿತು? ಟೆಕ್ಸಾಸ್ ಕಡೆ ಎಸಿ ಯಂತ್ರವೂ ಅದರ ಗಾಳಿ ಕೊಳವೆಗಳೂ ಬಹಳ ಮನೆಗಳಲ್ಲಿ ಅಟ್ಟದ ಮೇಲೇ ಇರುತ್ತವೆ. ಒಂದು ಕೊಳವೆ ಮನೆಯ ಗಾಳಿಯನ್ನು ಎಳೆದು ಯಂತ್ರಕ್ಕೆ ಕೊಡುತ್ತದೆ. ಉಳಿದವು ತಣ್ಣನೆ ಗಾಳಿಯನ್ನು ಕೋಣೆಗಳಿಗೆ ತಳ್ಳುತ್ತವೆ. ಎಳೆಯುವ ಕೊಳವೆ ಬಿರುಕು ಬಿಟ್ಟರೆ ಅಟ್ಟದ ಧೂಳನ್ನೂ ಹೀರುತ್ತದೆ. ತಳ್ಳುವ ಕೊಳವೆ ಸೋರಿದರೆ ಮನೆಗೆ ಬರಬೇಕಾದ ಗಾಳಿ ಅಟ್ಟಕ್ಕೆ ಹೋಗುತ್ತದೆ. ಆಗ ಮನೆಯೊಳಗೆ ಗಾಳಿಯ ಒತ್ತಡ ಕಡಿಮೆಯಾಗಿ, ಸಿಕ್ಕ ಸಂದಿಯಿಂದೆಲ್ಲ ಅಟ್ಟದ ಗಾಳಿ ಒಳಗೆ ನುಗ್ಗುತ್ತದೆ. ಸಾಮಾನ್ಯ ಮನೆಯೊಂದರಲ್ಲಿ ಕೊಳವೆಗಳಲ್ಲಿ ಹರಿಯುವ ಗಾಳಿಯ ಶೇಕಡಾ 20ರಿಂದ 30ರಷ್ಟು ಹೀಗೆ ಸೋರಿ ಹೋಗುತ್ತದೆ ಎಂದು ಇಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ.

ಸೋರಿಕೆಯನ್ನು ಕಂಡುಹಿಡಿಯಲು ಒಂದು ಸುಲಭದ ಉಪಾಯ ಓದಿದೆ. ಓದಿ ನಾಚಿಕೆಯಾಯಿತು. ಬೇಕಾದದ್ದು ಒಂದು ಅಗರಬತ್ತಿ.

ನಾನೇ ಹೋಗಿ ಅಮ್ಮನ ಹತ್ತಿರ ಕೇಳಿದೆ. ಪೆಟ್ಟಿಗೆಯ ತಳದಲ್ಲಿ ಸೀರೆಯೊಳಗೆ ಸುತ್ತಿಟ್ಟಿದ್ದ ಕಟ್ಟನ್ನು ತೆಗೆದು ಕೊಟ್ಟಳು. ಕಾರಿಡಾರಿನಲ್ಲಿ ಅಟ್ಟಕ್ಕೆ ಹತ್ತುವ ಮಡಚು ಏಣಿಯ ಬಾಗಿಲಿದೆ. ಎಸಿ ನಿಲ್ಲಿಸಿ ಅದರ ಸಂದಿಯ ಕೆಳಗೆ ಅಗರಬತ್ತಿ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು. ನನ್ನವರು ಎಸಿ ಹಾಕಿದರು. ಹೊಗೆ ಒಮ್ಮೆ ನಡುಗಿ, ಬಗ್ಗಿ, ನನ್ನ ಮುಖಕ್ಕೇ ಬಂತು. ಅಟ್ಟದ ಗಾಳಿ ಸಂದಿಯಿಂದ ಕೆಳಗೆ ಸುರಿಯುತ್ತಿತ್ತು. ಅಮ್ಮ ನೋಡುತ್ತಾ ನಿಂತಿದ್ದವಳು, "ಹೊಗೆಗೂ ಒಂದು ಉಪಯೋಗ ಆಯ್ತು ಬಿಡು" ಎಂದಳು.

ಅಟ್ಟ ಹತ್ತುವ ಮೊದಲು ಒಂದು ಎಚ್ಚರಿಕೆ. ಇಲ್ಲಿ ಹಳೇ ಮನೆಯಲ್ಲಿರುವ ಗೆಳೆಯರು ಇದನ್ನು ಮರೆಯಬೇಡಿ. ಅಲ್ಲಿರುವುದು ಹೊಳೆಯುವ ಸಣ್ಣ ಹರಳಿನಂಥ ವರ್ಮಿಕ್ಯುಲೈಟ್ ಆಗಿದ್ದರೆ ಕೈ ಹಾಕಬಾರದು. ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ ಬಹುಪಾಲು ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಪುಟ್ಟ ಊರಿನ ಗಣಿಯದು, ಅದರಲ್ಲಿ ಕಲ್ನಾರು ಬೆರೆತಿತ್ತು. ಗಣಿ ಮುಚ್ಚಿದ್ದು 1990ರಲ್ಲಿ. ಊರಿನವರು ಶ್ವಾಸಕೋಶದ ರೋಗದಿಂದ ಸಾಯುತ್ತಿದ್ದ ಕಥೆಯನ್ನು ದೇಶದ ಮುಂದಿಟ್ಟವರು ಸಿಯಾಟಲ್ ಪೋಸ್ಟ್-ಇಂಟೆಲಿಜೆನ್ಸರ್ ಪತ್ರಿಕೆಯ ವರದಿಗಾರ ಆಂಡ್ರ್ಯೂ ಶ್ನೈಡರ್, 1999ರಲ್ಲಿ. ಧೂಳಿನ ಬೆನ್ನು ಹತ್ತಿ ಹೋದ ವರದಿಗಾರ ಎಂದು ನನಗೆ ಅವರ ಮೇಲೆ ಗೌರವ.

ನಮ್ಮ ಅಟ್ಟದಲ್ಲಿದ್ದದ್ದು ಪೇಪರೇ. ಕೊಳವೆಗಳ ಒಳಗನ್ನು ತೊಳೆದುಕೊಡುತ್ತೇನೆ ಎಂದು ಒಬ್ಬರು ಮುಂದೆ ಬಂದರು. ಹಾಗೆ ಶುಚಿ ಮಾಡಿದ್ದರಿಂದ ಆರೋಗ್ಯದ ತೊಂದರೆ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ಹೇಳಿರುವುದನ್ನು ಓದಿದ್ದೆ. ತೂತು ಹಾಗೇ ಇದ್ದರೆ ತೊಳೆದು ಏನು ಬಂತು? ಬೇಡ ಎಂದೆ. ಮನೆ ಮಾಲೀಕರಿಗೆ ಆ ಬಟ್ಟೆಯ ಫೋಟೊ, ಹೊಗೆಯ ವಿಡಿಯೊ ಕಳಿಸಿದೆ. ಮೂರು ವರ್ಷದಲ್ಲಿ ಮೊದಲ ಬಾರಿ ಅದೇ ದಿನ ಉತ್ತರ ಬಂತು.

ಮೆಕ್ಯಾನಿಕ್ ಮಾಸ್ಕ್ ಹಾಕಿಕೊಂಡು ಹತ್ತಿದ. ಅಮ್ಮನ ಕೋಣೆಯ ಪಕ್ಕದ ಕೋಣೆಗೆ ಹೋಗುವ ಕೊಳವೆ ಕಳಚಿ ಬಿದ್ದು, ತಣ್ಣನೆ ಗಾಳಿಯನ್ನೆಲ್ಲ ಅಟ್ಟಕ್ಕೆ ಊದುತ್ತಿತ್ತು. ಆ ಗಾಳಿಗೆ ಪೇಪರ್ ಪುಡಿ ಎದ್ದು ಹಾರುತ್ತಿತ್ತು. ಎಳೆಯುವ ಕೊಳವೆ ಯಂತ್ರಕ್ಕೆ ಸೇರುವಲ್ಲಿ ಕೈಬೆರಳು ತೂರುವಷ್ಟು ಸಂದಿ. ನಮ್ಮ ಫಿಲ್ಟರ್ ಇರುವುದು ಕೆಳಗೆ ಕಾರಿಡಾರಿನ ಜಾಲರಿಯಲ್ಲಿ. ಸಂದಿ ಇದ್ದದ್ದು ಫಿಲ್ಟರ್ ದಾಟಿದ ಮೇಲೆ. ತಿಂಗಳು ತಿಂಗಳು ದುಬಾರಿ ಫಿಲ್ಟರ್ ಬದಲಿಸಿಯೂ ಏನೂ ಆಗದಿದ್ದದ್ದು ಅದಕ್ಕೇ.

ಹಳೆಯ ಕೀಲುಗಳಿಗೆ ಯಾರೋ ಬಟ್ಟೆಯ ಡಕ್ಟ್ ಟೇಪ್ ಸುತ್ತಿದ್ದರು, ಒಣಗಿ ಬಿಟ್ಟುಕೊಂಡಿತ್ತು. ಗಾಳಿ ಕೊಳವೆಯ ಹೆಸರನ್ನೇ ಹೊತ್ತ ಈ ಟೇಪು ಆ ಕೆಲಸಕ್ಕೇ ಬಾರದು ಎಂದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 1998ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಮೆಕ್ಯಾನಿಕ್ ಕಳಚಿದ ಕೊಳವೆಯನ್ನು ಬಿಗಿದು, ಕೀಲುಗಳಿಗೆಲ್ಲ ಮ್ಯಾಸ್ಟಿಕ್ ಎಂಬ ಗಂಜಿಯಂಥ ಅಂಟು ಬಳಿದ. ಏಣಿ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿದ. ಅರ್ಧ ದಿನದ ಕೆಲಸ.

ಧೂಳು ಪೂರ್ತಿ ಹೋಯಿತು ಎನ್ನಲಾರೆ. ಮನುಷ್ಯರಿರುವ ಮನೆಯಲ್ಲಿ ಧೂಳು ಇರುತ್ತದೆ. ಟಿವಿಯ ಮೇಲಿನ ಬೂದು ಪದರ ಮಾತ್ರ ಮತ್ತೆ ಬರಲಿಲ್ಲ. ಅಮ್ಮನ ಕೆಮ್ಮು ಎರಡು ಮೂರು ವಾರದಲ್ಲಿ ಇಳಿಯಿತು. ಧೂಳೊಂದೇ ಕಾರಣವಾಗಿತ್ತೇ ಎಂದು ಹೇಳಲು ನಾನು ಡಾಕ್ಟರಲ್ಲ. ಅಗರಬತ್ತಿಯ ಹೊಗೆ ಶ್ವಾಸಕ್ಕೆ ಒಳ್ಳೆಯದಲ್ಲ ಎಂಬುದೂ ನಿಜವೇ. ಆದರೆ ಮನೆಯಲ್ಲಿ ಧೂಳು ಹೊಡೆಯುವವಳನ್ನೇ ಧೂಳಿಗೆ ಹೊಣೆ ಮಾಡಿದ್ದೆನಲ್ಲ, ಅದು ನನ್ನನ್ನು ಇನ್ನೂ ಚುಚ್ಚುತ್ತದೆ. ಅಮ್ಮ ಟಿಕೆಟ್ ಬದಲಿಸಲಿಲ್ಲ. ಆರು ತಿಂಗಳು ಮುಗಿಸಿಯೇ ಹೊರಟಳು. ಕೊನೆಯ ದಿನ ಇಂಗಿನ ಒಗ್ಗರಣೆ ಹಾಕಿ ಸಾರು ಮಾಡಿಟ್ಟು ಹೋದಳು.

ಮೊನ್ನೆ ಫೋನಿನಲ್ಲಿ ಧೈರ್ಯ ಮಾಡಿ, "ಅವತ್ತು ಹಾಗೆ ಹೇಳಬಾರದಿತ್ತು ಅಮ್ಮ" ಎಂದೆ. ಅವಳು ಕೇಳಿಸಿಯೇ ಇಲ್ಲ ಎಂಬಂತೆ ಮಾತು ತಿರುಗಿಸಿದಳು.

"ಇವತ್ತು ಅಟ್ಟ ಗುಡಿಸಿದೆ ಕಣೆ. ನಿನ್ನ ಹೆಸರು ಬಂದ ಪೇಪರೆಲ್ಲ ಪ್ಲಾಸ್ಟಿಕ್ ಕವರಲ್ಲಿ ಹಾಗೇ ಇದೆ. ನಾವು ಪುಡಿ ಮಾಡಿಲ್ಲ."